ವಸಡಿನ ಗಾಯಕ್ಕೆ ಮುಲಾಮು: ಅರ್ಧ ಶತಮಾನದ ಲೆಕ್ಕ

ಹಲ್ಲು ಕೀಳಿಸಿಕೊಂಡು ಬಂದವರ ಚೀಟಿಯಲ್ಲಿ ಇವತ್ತು ನೋವಿನ ಮಾತ್ರೆಯ ಕೆಳಗೆ ಇನ್ನೊಂದು ಸಾಲು ಇದ್ದೇ ಇರುತ್ತದೆ. ಗಾಯದ ಮೇಲೆ ದಿನಕ್ಕೆರಡು ಮೂರು ಸಲ ಹಚ್ಚಿಕೊಳ್ಳಲು ಒಂದು ಜೆಲ್. ಮಕ್ಕಳ ಕಿರುಬೆರಳಿನಷ್ಟು ಟ್ಯೂಬು, ಒಳಗೆ ಪುದೀನ ವಾಸನೆಯ ಲೋಳೆ. ಎಪ್ಪತ್ತರ ದಶಕದಲ್ಲಿ ಹಲ್ಲು ಕೀಳಿಸಿಕೊಂಡವರಿಗೆ ಈ ಟ್ಯೂಬಿನ ನೆನಪಿರುವುದು ಸಾಧ್ಯವಿಲ್ಲ. ಅವರಿಗೆ ನೆನಪಿರುವುದು ಬಿಸಿನೀರಿಗೆ ಹಾಕಿದ ಕಲ್ಲುಪ್ಪು, ಹತ್ತಿಯಲ್ಲಿ ಅದ್ದಿಟ್ಟ ಲವಂಗದೆಣ್ಣೆ, ಪಟಿಕದ ಒಗರು, ಪೊಟ್ಯಾಸಿಯಂ ಪರ್ಮಾಂಗನೇಟಿನ ಎರಡು ಹರಳು ಬಿದ್ದೊಡನೆ ನೇರಳೆಗೆ ತಿರುಗುತ್ತಿದ್ದ ಲೋಟದ ನೀರು, ಬೆರಳಿನಿಂದ ವಸಡಿಗೆ ತಿಕ್ಕಿದರೆ ಬಾಯೆಲ್ಲ ಬಿಗಿದುಕೊಳ್ಳುತ್ತಿದ್ದ ಕಂದು ಬಣ್ಣದ ಗಮ್ ಪೇಂಟ್. ಆ ಲೋಟದಿಂದ ಈ ಟ್ಯೂಬಿಗೆ ಬರಲು ಅರ್ಧ ಶತಮಾನ ಹಿಡಿಯಿತು. ಈ ಅವಧಿಯಲ್ಲಿ ವಸಡಿನ ಗಾಯ ನಿಜಕ್ಕೂ ಬೇಗ ಮಾಯುವಂತಾಯಿತೇ? ಟ್ಯೂಬು ಕೊಟ್ಟ ಮಾತು ಎಷ್ಟು, ಉಳಿಸಿಕೊಂಡದ್ದು ಎಷ್ಟು? ಹಿಂತಿರುಗಿ ನೋಡುವಷ್ಟು ದೂರ ನಾವು ಬಂದಿದ್ದೇವೆ.

ಈ ದೇಶದಲ್ಲಿ ದಂತವೈದ್ಯ ಶಿಕ್ಷಣವೇ ಹಳೆಯದಲ್ಲ. ಡಾ. ಆರ್. ಅಹ್ಮದ್ ಅವರು ಕಲ್ಕತ್ತೆಯಲ್ಲಿ ದೇಶದ ಮೊದಲ ದಂತವೈದ್ಯ ಕಾಲೇಜು ತೆರೆದದ್ದು 1920ರಲ್ಲಿ. ವೃತ್ತಿಗೆ ಕಾನೂನಿನ ಚೌಕಟ್ಟು ಬಂದದ್ದು 1948ರ ದಂತವೈದ್ಯರ ಕಾಯ್ದೆಯಿಂದ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು 1958ರದು, ಮಣಿಪಾಲದ್ದು 1965ರದು. ಆ ಕಾಲದ ಜಿಲ್ಲಾ ಕೇಂದ್ರಗಳಲ್ಲಿ ಹಲ್ಲಿನ ಡಾಕ್ಟರು ಎಂದರೆ ಬೆರಳೆಣಿಕೆಯ ಮಂದಿ. ಅವರ ಕೈಯಲ್ಲಿ ಔಷಧ ಕಡಿಮೆಯಿತ್ತು, ಹೇಳುವ ಮಾತು ಹೆಚ್ಚಿತ್ತು. ಹಲ್ಲು ಕಿತ್ತ ಕುಳಿಯ ಮೇಲೆ ಮಡಚಿದ ಗಾಜ್ ಬಟ್ಟೆಯಿಟ್ಟು, ಅರ್ಧ ಗಂಟೆ ಕಚ್ಚಿಕೊಂಡು ಕೂರಬೇಕು, ಉಗುಳಬಾರದು, ಇವತ್ತು ಮುಕ್ಕಳಿಸಬಾರದು, ನಾಳೆಯಿಂದ ಉಪ್ಪುನೀರು, ಬೀಡಿ ಸೇದುವುದಿದ್ದರೆ ಮತ್ತೆ ನನ್ನ ಹತ್ತಿರ ಬರಬೇಡ ಎಂದು ಗದರಿ ಕಳಿಸುತ್ತಿದ್ದರು. ಏಳನೆಯ ದಿನ ಕಪ್ಪು ರೇಷ್ಮೆ ದಾರದ ಹೊಲಿಗೆ ಬಿಚ್ಚಿಸಿಕೊಳ್ಳಲು ಹೋಗಲೇಬೇಕಿತ್ತು. ಆ ಏಳನೆಯ ದಿನದ ಭೇಟಿಯಲ್ಲಿ ಅವರು ಬಾಯಿ ತೆರೆಸಿ, ಕನ್ನಡಿ ಹಿಡಿದು, ಗಾಯವನ್ನು ಕಣ್ಣಾರೆ ನೋಡುತ್ತಿದ್ದರು. ಅದರ ಬೆಲೆ ಆಗ ಯಾರಿಗೂ ತಿಳಿದಿರಲಿಲ್ಲ.

ವಸಡನ್ನೇ ಕೊಯ್ದು ಸರಿಪಡಿಸುವ ಶಸ್ತ್ರಚಿಕಿತ್ಸೆಯಾದರೆ ಗಾಯಕ್ಕೆ ‘ಪ್ಯಾಕ್’ ಹಾಕುತ್ತಿದ್ದರು. ಅಮೆರಿಕದ ದಂತವೈದ್ಯ ಎ. ಡಬ್ಲ್ಯೂ. ವಾರ್ಡ್ 1923ರಲ್ಲಿ ಬಳಕೆಗೆ ತಂದ ಪದ್ಧತಿ ಅದು. ಗಾಜಿನ ಹಲಗೆಯ ಮೇಲೆ ಜಿಂಕ್ ಆಕ್ಸೈಡ್ ಮತ್ತು ರಾಳದ ಪುಡಿ ಸುರಿದು, ಪಕ್ಕದಲ್ಲಿ ಲವಂಗದೆಣ್ಣೆಯ ಸಾರವಾದ ಯೂಜಿನಾಲ್ ಹನಿಸಿ, ಚಪ್ಪಟೆ ಚಮಚದಿಂದ ಸ್ವಲ್ಪಸ್ವಲ್ಪವೇ ಪುಡಿ ಎಳೆದುಕೊಂಡು ಒತ್ತಿ ಒತ್ತಿ ಕಲಸಬೇಕು. ಬೆರಳಿಗೆ ಅಂಟದಷ್ಟು ಗಟ್ಟಿಯಾದ ಮೇಲೆ ಬತ್ತಿಯಂತೆ ಹೊಸೆದು, ಹಲ್ಲಿನ ಸಂದುಗಳಿಗೆ ಕಚ್ಚಿಕೊಳ್ಳುವಂತೆ ವಸಡಿನ ಉದ್ದಕ್ಕೂ ಒತ್ತುತ್ತಿದ್ದರು. ವಾರ ಕಳೆದು ಅದನ್ನು ಕಿತ್ತಾಗ ಒಳಗಿನ ವಾಸನೆ ಸಹಿಸುವುದು ಕಷ್ಟ. ಅಡಿಯಲ್ಲಿ ಮಾತ್ರ ಮುಟ್ಟಿದರೆ ರಕ್ತ ಒಸರುವಷ್ಟು ಎಳೆಯದಾದ ಕೆಂಪು ವಸಡು ಕಾಣಿಸುತ್ತಿತ್ತು. ಆ ಹಳೆಯ ಪ್ಯಾಕಿನಲ್ಲಿ ಬಿಗಿತಕ್ಕಾಗಿ ಕಲ್ನಾರಿನ ಎಳೆಗಳನ್ನೂ ಸೇರಿಸುತ್ತಿದ್ದರು. ಕಲ್ನಾರು ಶ್ವಾಸಕೋಶಕ್ಕೆ ಮಾರಕ ಎಂದು ತಿಳಿದ ಮೇಲೆ ಅದನ್ನು ಬಿಟ್ಟರು. ಯೂಜಿನಾಲ್ ಕೆಲವರ ಬಾಯಿ ಉರಿಸುತ್ತದೆ ಎಂದಾಗ ಅದಿಲ್ಲದ ಪ್ಯಾಕ್ ಬಂದಿತು. ಕೊನೆಗೆ ಪಠ್ಯಪುಸ್ತಕಗಳೇ ಒಪ್ಪಿಕೊಂಡವು: ಪ್ಯಾಕ್ ಗಾಯವನ್ನು ಮುಚ್ಚಿ ಕಾಯುತ್ತದೆ, ಮಾಯಿಸುವ ಗುಣ ಅದಕ್ಕಿಲ್ಲ. ಮುಂದೆ ಬಂದ ಪ್ರತಿಯೊಂದು ಲೇಪವನ್ನೂ ಅಳೆಯಬೇಕಾದ ಅಳತೆಗೋಲು ಇದು ಎಂದು ನಮ್ಮ ಎಣಿಕೆ.

ನಿಜವಾದ ತಿರುವು ಬಂದದ್ದು ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ. 1965ರಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಾಗಿದ್ದ 12 ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸಿ ಎಂದರು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಎಲ್ಲರ ವಸಡೂ ಕೆಂಪಾಗಿ ಊದಿತು. ಮತ್ತೆ ಉಜ್ಜತೊಡಗಿದೊಡನೆ ಸರಿಹೋಯಿತು. ಹಲ್ಲಿನ ಮೇಲೆ ಕಟ್ಟುವ ಪಾಚಿಯೇ ವಸಡಿನ ಶತ್ರು ಎಂಬುದು ಅಲ್ಲಿಗೆ ಸಾಬೀತಾಯಿತು. ಆದರೆ ಹೊಲಿಗೆ ಹಾಕಿದ ವಸಡಿನ ಮೇಲೆ ಬ್ರಷ್ ಆಡಿಸುವುದು ಹೇಗೆ? ಉತ್ತರ 1970ರಲ್ಲಿ ಅದೇ ಲೋ ಮತ್ತು ಶಿಯೋಟ್ ಅವರಿಂದ ಬಂದಿತು. ಬ್ರಷ್ ಮುಟ್ಟದಿದ್ದರೂ ದಿನಕ್ಕೆರಡು ಸಲ 0.2 ಶೇಕಡಾ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಬಾಯಿ ಮುಕ್ಕಳಿಸಿದರೆ ಪಾಚಿ ಕಟ್ಟುವುದಿಲ್ಲ ಎಂದು ಅವರು ತೋರಿಸಿದರು. ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ, ಮಲೇರಿಯಾ ಔಷಧದ ಹುಡುಕಾಟದಿಂದ ಬೆಳೆದ ರಾಸಾಯನಿಕ ಕುಟುಂಬಕ್ಕೆ ಸೇರಿದ್ದು ಈ ಕ್ಲೋರ್‌ಹೆಕ್ಸಿಡಿನ್. 1954ರಿಂದ ಚರ್ಮದ ಗಾಯ ತೊಳೆಯಲು ಬಳಕೆಯಲ್ಲಿತ್ತು. ಬಾಯಿಯ ತೇವದ ಪದರಕ್ಕೆ ಅಂಟಿಕೊಂಡು ಗಂಟೆಗಟ್ಟಲೆ ನಿಧಾನವಾಗಿ ಬಿಡುಗಡೆಯಾಗುವುದು ಅದರ ದೊಡ್ಡ ಗುಣ. ಮುಕ್ಕಳಿಸುವ ನೀರನ್ನು ಲೋಳೆಯಾಗಿಸಿ ಗಾಯದ ಮೇಲೆ ನೇರವಾಗಿ ಕೂರಿಸಿದರೆ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬ ಯೋಚನೆಯಿಂದ ಜೆಲ್ ಬಂದಿತು. ಇವತ್ತು ನಾವು ಹಚ್ಚಿಕೊಳ್ಳುವ ಬಹುಪಾಲು ಲೇಪಗಳ ಮೂಲಪುರುಷ ಇವನೇ.

ಕ್ಲೋರ್‌ಹೆಕ್ಸಿಡಿನ್ ತೆರಿಗೆಯನ್ನೂ ವಸೂಲು ಮಾಡಿತು. ನಾಲ್ಕಾರು ವಾರ ಬಳಸಿದರೆ ಹಲ್ಲು ಕಂದಾಗುತ್ತದೆ, ನಾಲಿಗೆಗೆ ರುಚಿ ಹತ್ತುವುದಿಲ್ಲ. ದಿನಕ್ಕೆ ನಾಲ್ಕು ಸಲ ಕಾಫಿ ಕುಡಿಯುವ ನಮ್ಮ ಸೀಮೆಯಲ್ಲಿ ಆ ಕಲೆ ಇನ್ನೂ ಬೇಗ ಕೂರುತ್ತದೆ. ಟೂತ್‌ಪೇಸ್ಟಿನ ನೊರೆಯೊಂದಿಗೆ ಸೇರಿದರೆ ಔಷಧದ ಶಕ್ತಿ ಕುಂದುವುದರಿಂದ ಎರಡರ ನಡುವೆ ಅರ್ಧ ಗಂಟೆಯಾದರೂ ಅಂತರವಿರಬೇಕು. ಈ ಮಾತನ್ನು ಚೀಟಿ ಬರೆಯುವಾಗ ಹೇಳುವ ವೈದ್ಯರು ಎಷ್ಟು ಮಂದಿ? ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಈ ಔಷಧ ಗಾಯ ಕೂಡಿಸುವ ಜೀವಕೋಶಗಳನ್ನೇ ಹಿಂಜರಿಸುತ್ತದೆ ಎಂಬುದೂ ಕಂಡುಬಂದಿತು. ಬಾಯಿಯೊಳಗೆ ಆ ಹಾನಿಗಿಂತ ಸೋಂಕು ತಡೆಯುವ ಲಾಭವೇ ಹೆಚ್ಚು ಎಂಬುದು ಬಳಕೆಯಿಂದ ಬಂದ ತೀರ್ಮಾನ. ಆದರೆ ಇದು ಗಾಯವನ್ನು ಕೊಳೆಯದಂತೆ ಇಡುವ ಔಷಧವೇ ಹೊರತು ಮಾಯಿಸುವ ಔಷಧವಲ್ಲ ಎಂಬ ವಿವೇಕ ಅಂಗಡಿಯ ಪೆಟ್ಟಿಗೆಯ ಮೇಲೆ ಎಲ್ಲೂ ಅಚ್ಚಾಗಲಿಲ್ಲ.

ಜೆಲ್ಲಿನ ಅತ್ಯಂತ ಗಟ್ಟಿಯಾದ ಗೆಲುವು ಹಲ್ಲು ಕಿತ್ತ ಕುಳಿಯಲ್ಲಿದೆ. ಕಿತ್ತ ಜಾಗದಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯಕ್ಕೆ ಮುಚ್ಚಳ. ಅದು ಕರಗಿಯೋ ಕಳಚಿಯೋ ಹೋದರೆ ಒಳಗಿನ ಮೂಳೆ ಬತ್ತಲಾಗಿ, ಎರಡನೆಯ ಮೂರನೆಯ ದಿನಕ್ಕೆ ಕಿವಿಯವರೆಗೂ ಸಿಡಿಯುವ ನೋವು ಶುರುವಾಗುತ್ತದೆ. ‘ಡ್ರೈ ಸಾಕೆಟ್’ ಎಂದು ಅದಕ್ಕೆ ಹೆಸರು ಕೊಟ್ಟದ್ದು 1896ರಲ್ಲಿ. ಕೆಳದವಡೆಯ ಬುದ್ಧಿಹಲ್ಲು ಕೀಳಿಸಿಕೊಂಡವರಲ್ಲಿ ಇದು ಹೆಚ್ಚು. ಅನುಭವಿಸಿದವರು ಹೆರಿಗೆ ನೋವಿಗೆ ಹೋಲಿಸುವುದುಂಟು. ಕುಳಿಯೊಳಗೆ 0.2 ಶೇಕಡಾ ಕ್ಲೋರ್‌ಹೆಕ್ಸಿಡಿನ್ ಜೆಲ್ ಇಟ್ಟರೆ ಈ ತೊಂದರೆ ಅರ್ಧಕ್ಕಿಂತ ಹೆಚ್ಚು ತಗ್ಗುತ್ತದೆ ಎಂದು 2012ರ ಕೊಕ್ರೇನ್ ವಿಮರ್ಶೆ ಹತ್ತಾರು ಪ್ರಯೋಗಗಳನ್ನು ಜಾಲಾಡಿ ಹೇಳಿತು. ಅದೇ ವರ್ಷ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಇನ್ನೊಂದು ಎಚ್ಚರಿಕೆಯನ್ನೂ ಹೊರಡಿಸಿತು. ಡ್ರೈ ಸಾಕೆಟ್ಟನ್ನು ಕ್ಲೋರ್‌ಹೆಕ್ಸಿಡಿನ್ನಿನಿಂದ ತೊಳೆಯುವಾಗ ತೀವ್ರ ಅಲರ್ಜಿಯಿಂದ ಅಲ್ಲಿ ಇಬ್ಬರು ಪ್ರಾಣ ಬಿಟ್ಟಿದ್ದರು. ಕೋಟ್ಯಂತರ ಬಳಕೆಯಲ್ಲಿ ಎರಡು ಸಾವು ಎಂದರೆ ಅಪರೂಪವೇ. ಆದರೂ ಹಿಂದೆ ಇಂಥ ಔಷಧದಿಂದ ಮೈ ದದ್ದೆದ್ದಿತ್ತೇ ಎಂದು ಕೇಳಿಯೇ ಕೈ ಹಾಕಬೇಕು ಎಂಬ ಪಾಠಕ್ಕೆ ಅಷ್ಟು ಸಾಕು.

ಎಂಬತ್ತು, ತೊಂಬತ್ತರ ದಶಕ ನಮ್ಮ ಮೆಡಿಕಲ್ ಶಾಪುಗಳಲ್ಲಿ ಟ್ಯೂಬುಗಳ ಸುಗ್ಗಿ ಕಾಲ. ಮೆಟ್ರೊನಿಡಜೋಲ್ ಬೆರೆತ ಜೆಲ್, ಮರಗಟ್ಟಿಸುವ ಬೆಂಜೊಕೇನ್ ಜೆಲ್, ಕೋಲಿನ್ ಸ್ಯಾಲಿಸಿಲೇಟ್, ಬಾಯಿಹುಣ್ಣಿಗೆಂದು ಬಂದು ಎಲ್ಲ ಗಾಯಕ್ಕೂ ಹಚ್ಚತೊಡಗಿದ ಸ್ಟೀರಾಯ್ಡ್ ಪೇಸ್ಟ್. ವಸಡು ನೋಯುತ್ತಿದೆ ಎಂದರೆ ಸಾಕು, ಅಂಗಡಿಯವನು ಕಪಾಟಿನಿಂದ ಒಂದನ್ನು ತೆಗೆದು ಕೊಡುತ್ತಾನೆ. ಯಾವ ಗಾಯ, ಎಂದಿನದು, ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳುವವರಿಲ್ಲ. ಇವುಗಳಲ್ಲಿ ಹೆಚ್ಚಿನವು ನೋವು ಮರೆಸುತ್ತವೆ, ಅಷ್ಟೇ. ನೋವು ಮರೆಸುವುದು ಸಣ್ಣ ಉಪಕಾರವಲ್ಲ, ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಅವುಗಳ ಅಪಾಯದ ಸುದ್ದಿ ನಮ್ಮ ತನಕ ಬಂದದ್ದು ತಡವಾಗಿ. 16 ವರ್ಷದೊಳಗಿನವರಿಗೆ ಸ್ಯಾಲಿಸಿಲೇಟ್ ಜೆಲ್ ಬೇಡ ಎಂದು ಬ್ರಿಟನ್ 2009ರಲ್ಲೇ ಹೇಳಿತು. ಬೆಂಜೊಕೇನಿನಿಂದ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳಬಹುದು, ಎರಡು ವರ್ಷದೊಳಗಿನ ಕೂಸುಗಳಿಗೆ ಹಚ್ಚಲೇಬಾರದು ಎಂದು ಅಮೆರಿಕ 2018ರಲ್ಲಿ ಕಟ್ಟುನಿಟ್ಟು ಮಾಡಿತು. ನಮ್ಮಲ್ಲಿ ಹಲ್ಲು ಮೊಳೆಯುವ ಮಗುವಿಗೆ ಅಜ್ಜಿಯ ಟ್ಯೂಬಿನಿಂದಲೇ ಒಂದಿಷ್ಟು ಹಚ್ಚುವ ರೂಢಿ ಇನ್ನೂ ಹೋಗಿಲ್ಲ.

ಇದೇ ಕಾಲದಲ್ಲಿ ದೊಡ್ಡ ಭರವಸೆಯೊಂದು ಹುಟ್ಟಿತು. ಗಾಯವನ್ನು ಕಾಯುವುದು ಸಾಲದು, ಕಳೆದುಹೋದ ವಸಡು ಮತ್ತು ಮೂಳೆಯನ್ನೇ ಮತ್ತೆ ಬೆಳೆಸೋಣ ಎಂಬ ಭರವಸೆ. ಸ್ವೀಡನ್ನಿನ ಲಾರ್ಸ್ ಹಮ್ಮರ್‌ಸ್ಟ್ರೋಮ್ ಮತ್ತು ಸಂಗಡಿಗರು ಹಂದಿಮರಿಯ ಇನ್ನೂ ಬೆಳೆಯುತ್ತಿರುವ ಹಲ್ಲಿನಿಂದ ಎನಾಮಲ್ ಪ್ರೋಟೀನು ತೆಗೆದು ಜೆಲ್ ಮಾಡಿದರು. 1997ರಲ್ಲಿ ಅವರ ಪ್ರಬಂಧಗಳು ಪ್ರಕಟವಾದಾಗ ವಸಡಿನ ತಜ್ಞರ ವಲಯದಲ್ಲಿ ದೊಡ್ಡ ಸಂಚಲನ. ಬೇರಿನ ಮೇಲೆ ಈ ಜೆಲ್ ಲೇಪಿಸಿ ಹೊಲಿಗೆ ಹಾಕಿದರೆ ಬೇರಿಗೂ ಮೂಳೆಗೂ ನಡುವಿನ ಹಿಡಿತ ಮರಳಿ ಬೆಳೆಯುತ್ತದೆ ಎಂಬುದು ನಿಜವಾಯಿತು. ಎಷ್ಟು? ಬರೀ ಶಸ್ತ್ರಚಿಕಿತ್ಸೆಗಿಂತ ಸರಾಸರಿ ಒಂದು ಮಿಲಿಮೀಟರಿನಷ್ಟು ಹೆಚ್ಚು. ಸಡಿಲಗೊಂಡ ಒಂದು ಹಲ್ಲನ್ನು ಉಳಿಸುವಲ್ಲಿ ಒಂದು ಮಿಲಿಮೀಟರ್ ದೊಡ್ಡದೇ, ಆದರೆ ಆಗ ಹುಟ್ಟಿದ್ದ ಆಸೆ ಇನ್ನೂ ದೊಡ್ಡದಾಗಿತ್ತು. ಅದು ಹಂದಿಯಿಂದ ಬಂದದ್ದು ಎಂಬುದನ್ನು ಮುಂಚೆಯೇ ತಿಳಿಸಿ ಒಪ್ಪಿಗೆ ಪಡೆಯುವುದು ನಮ್ಮ ದೇಶದಲ್ಲಂತೂ ವೈದ್ಯರ ಧರ್ಮ.

ಹೈಯಲುರೋನಿಕ್ ಆಮ್ಲದ ಕಥೆ ಇದಕ್ಕಿಂತ ಹಳೆಯದು. 1934ರಲ್ಲಿ ನ್ಯೂಯಾರ್ಕಿನಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ದನದ ಕಣ್ಣಿನ ದ್ರವದಿಂದ ಅದನ್ನು ಬೇರ್ಪಡಿಸಿದರು. ಮುಂದೆ ಹುಂಜದ ಜುಟ್ಟಿನಿಂದ ತೆಗೆದರು, ಈಗ ಬ್ಯಾಕ್ಟೀರಿಯಾಗಳಿಂದ ಹುದುಗಿಸಿ ತಯಾರಿಸುತ್ತಾರೆ. ನಮ್ಮ ವಸಡಿನಲ್ಲೇ ಸಹಜವಾಗಿರುವ, ನೀರು ಹಿಡಿದಿಟ್ಟುಕೊಳ್ಳುವ ವಸ್ತು ಅದು. ಇಟಲಿಯಿಂದ ಬಂದ 0.2 ಶೇಕಡಾ ಜೆಲ್ ನಮ್ಮ ನಗರಗಳ ಕ್ಲಿನಿಕ್ಕುಗಳಲ್ಲಿ ಈಗ ಪರಿಚಿತ. ಇದರ ನ್ಯಾಯವಾದ ಜಾಗ ಅಂಗುಳದ ಗಾಯ. ಬೇರು ಬಯಲಾದ ಹಲ್ಲಿಗೆ ಹೊದಿಸಲು ಅಂಗುಳದಿಂದ ಚರ್ಮದಂಥ ಪದರ ಕೊಯ್ದು ತೆಗೆದಾಗ, ಕಸಿ ಮಾಡಿದ ಜಾಗಕ್ಕಿಂತ ಕೊಯ್ದ ಜಾಗವೇ ರೋಗಿಯನ್ನು ಹೆಚ್ಚು ಕಾಡುತ್ತದೆ. ಎರಡು ಮೂರು ವಾರ ಬಿಸಿ, ಖಾರ ಮುಟ್ಟುವಂತಿಲ್ಲ. ಅಲ್ಲಿ ಈ ಜೆಲ್ ಹಚ್ಚಿದವರಿಗೆ ನೋವು ಕಡಿಮೆಯಾಗಿ ಗಾಯ ಬೇಗ ಮುಚ್ಚಿತೆಂದು ಟರ್ಕಿಯ ಸಂಶೋಧಕರು 2018ರಲ್ಲಿ ವರದಿ ಮಾಡಿದರು. ಬುದ್ಧಿಹಲ್ಲು ಕಿತ್ತವರೆಲ್ಲರಿಗೂ ಅಷ್ಟು ದುಬಾರಿ ಟ್ಯೂಬು ಬರೆಯಲು ಅದು ಆಧಾರವಾಗುವುದಿಲ್ಲ.

ಅರಿಶಿನದ ಮಾತು ಬಾರದೆ ನಮ್ಮ ಲೆಕ್ಕ ಪೂರ್ತಿಯಾಗದು. ಅರಿಶಿನ ಗಾಯ ಮಾಯಿಸುತ್ತದೆ ಎಂಬುದಕ್ಕೆ 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ ಪೇಟೆಂಟ್ ಪಡೆದಾಗ ದೇಶವೇ ಕೆರಳಿತ್ತು. ಸಿಎಸ್‌ಐಆರ್ ಹಳೆಯ ಗ್ರಂಥಗಳನ್ನು ಮುಂದಿಟ್ಟು ವಾದಿಸಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಆ ಗೆಲುವಿನ ಹೆಮ್ಮೆ ನಮ್ಮೆಲ್ಲರದು. ಆದರೆ ಪೇಟೆಂಟ್ ಗೆದ್ದಷ್ಟಕ್ಕೆ ಔಷಧ ಸಿದ್ಧವಾಗುವುದಿಲ್ಲ. ಎಷ್ಟು ಪ್ರಮಾಣ, ಯಾವ ಲೋಳೆಯಲ್ಲಿ, ಎಷ್ಟು ಹೊತ್ತು ಎಂಬುದನ್ನು ನೂರಾರು ಬಾಯಿಗಳಲ್ಲಿ ಪರೀಕ್ಷಿಸಿ ಗಟ್ಟಿ ಮಾಡುವ ಕೆಲಸ ಉಳಿದಿತ್ತು. ನಮ್ಮ ದಂತವೈದ್ಯ ಕಾಲೇಜುಗಳಲ್ಲಿ ಅರಿಶಿನದ ಜೆಲ್ಲಿನ ಮೇಲೆ ಸ್ನಾತಕೋತ್ತರ ಪ್ರಬಂಧಗಳು ಬಂದಿವೆ. ಹೆಚ್ಚಿನವು ಹತ್ತಿಪ್ಪತ್ತು ರೋಗಿಗಳ, ಕೆಲವೇ ವಾರಗಳ ಪ್ರಯೋಗಗಳು. ಪದವಿ ಸಿಕ್ಕಿದೊಡನೆ ಕೆಲಸವೂ ನಿಲ್ಲುತ್ತದೆ. ಲೋಳೆಸರದ ಪಾಡೂ ಬೇರೆಯಲ್ಲ.

ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನ ವಸಡು ವಿಭಾಗ ಮಾತ್ರ ಒಂದು ಕಾಲಕ್ಕೆ ಜಗತ್ತಿನ ಗಮನ ಸೆಳೆಯಿತು. 2010ರ ಸುಮಾರಿನಿಂದ ಅಲ್ಲಿನ ಸಂಶೋಧಕರು ಕೊಲೆಸ್ಟರಾಲ್ ಇಳಿಸುವ ಸಿಮ್ವಾಸ್ಟಾಟಿನ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮೊದಲಾದವುಗಳನ್ನು ಜೆಲ್ ಮಾಡಿ ವಸಡಿನ ಆಳದ ಜೇಬುಗಳಿಗೆ ಇಳಿಸಿ ನೋಡಿದರು. ಅಗ್ಗದ, ಎಲ್ಲೆಡೆ ಸಿಗುವ ಮಾತ್ರೆಯ ಔಷಧದಿಂದಲೇ ಮೂಳೆ ತುಂಬಿಕೊಂಡಿತೆಂಬ ವರದಿಗಳು ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಸಾಲುಸಾಲಾಗಿ ಬಂದಾಗ, ಬಡ ದೇಶಕ್ಕೆ ಒಗ್ಗುವ ಉತ್ತರ ನಮ್ಮ ಮನೆಯಲ್ಲೇ ಸಿಕ್ಕಿತೇನೋ ಎನಿಸಿತ್ತು. ಹತ್ತು ವರ್ಷದ ಮೇಲೆ, 2020ರಲ್ಲಿ, ಯುರೋಪಿನ ವಸಡು ತಜ್ಞರ ಒಕ್ಕೂಟ ತನ್ನ ಮಾರ್ಗಸೂಚಿಯಲ್ಲಿ ಸ್ಟಾಟಿನ್ ಜೆಲ್ ಬಳಸಬಾರದು ಎಂದು ಶಿಫಾರಸು ಮಾಡಿತು. ಬೇರೆ ಬೇರೆ ದೇಶಗಳ, ಬೇರೆ ಬೇರೆ ಕೈಗಳ ಪ್ರಯೋಗಗಳಿಂದ ಆ ಫಲಿತಾಂಶಕ್ಕೆ ಸಾಕಷ್ಟು ಬೆಂಬಲ ಕೂಡಿಬಂದಿರಲಿಲ್ಲ. ಈ ಹಿನ್ನಡೆ ನಮಗೆ ನೋವು ತಂದಿದೆ. ರಾಜ್ಯದಲ್ಲಿ ನಲವತ್ತಕ್ಕೂ ಹೆಚ್ಚು ದಂತವೈದ್ಯ ಕಾಲೇಜುಗಳಿವೆ. ಧಾರವಾಡ, ದಾವಣಗೆರೆ, ಮಂಗಳೂರು, ಮಣಿಪಾಲದ ವಿಭಾಗಗಳು ಕೈಜೋಡಿಸಿ ಒಂದೇ ವಿಧಾನದಲ್ಲಿ ಅದನ್ನೇ ಮತ್ತೆ ಮಾಡಿ ನೋಡಿದ್ದರೆ, ಹೌದೋ ಅಲ್ಲವೋ ಎಂಬುದನ್ನು ನಾವೇ ಜಗತ್ತಿಗೆ ಹೇಳಬಹುದಿತ್ತು.

ಈ ನಡುವೆ ಫ್ರಾನ್ಸಿನಲ್ಲಿ ಜೋಸೆಫ್ ಶೌಕ್ರೂನ್ 2001ರಲ್ಲಿ ತೋರಿಸಿದ ದಾರಿ ಸದ್ದಿಲ್ಲದೆ ನಮ್ಮಲ್ಲಿಗೂ ಬಂದಿದೆ. ರೋಗಿಯ ತೋಳಿನಿಂದಲೇ ಒಂದಿಷ್ಟು ರಕ್ತ ತೆಗೆದು, ಏನನ್ನೂ ಬೆರೆಸದೆ ಹತ್ತು ಹನ್ನೆರಡು ನಿಮಿಷ ಗಿರಗಿರನೆ ತಿರುಗಿಸಿದರೆ, ನಳಿಕೆಯ ನಡುವೆ ಹಳದಿ ಲೋಳೆಯಂಥ ಮುದ್ದೆ ಕಟ್ಟುತ್ತದೆ. ಅದನ್ನೇ ಒತ್ತಿ ಕುಳಿಗೆ ತುಂಬುತ್ತಾರೆ. ಕಂಪನಿಯ ಟ್ಯೂಬಿಲ್ಲ, ಹಂದಿಯೂ ಇಲ್ಲ, ಹುಂಜವೂ ಇಲ್ಲ. ಎಲ್ಲ ಜೆಲ್ಲುಗಳಿಗಿಂತ ನಮಗೆ ಹೆಚ್ಚು ಒಪ್ಪಿತವಾಗುವುದು ಇದೇ.

ಇಷ್ಟೆಲ್ಲ ಲೇಪಗಳ ಚರಿತ್ರೆಯಲ್ಲಿ ಮರೆಯಾದವನು ಬಾಯಿಯೊಳಗಿನ ಸಹಜ ವೈದ್ಯ. ಬಾಯಿಯ ಗಾಯ ಚರ್ಮದ ಗಾಯಕ್ಕಿಂತ ಬೇಗ ಮಾಯುತ್ತದೆ, ಕಲೆಯನ್ನೂ ಅಷ್ಟಾಗಿ ಉಳಿಸುವುದಿಲ್ಲ. ರಕ್ತದ ಸಮೃದ್ಧಿ ಒಂದು ಕಾರಣ, ಜೊಲ್ಲು ಇನ್ನೊಂದು. ಜೀವಕೋಶಗಳನ್ನು ಬೆಳೆಸುವ ಅಂಶವೊಂದನ್ನು ಸ್ಟಾನ್ಲಿ ಕೋಹೆನ್ ಮೊದಲು ಕಂಡದ್ದು ಇಲಿಯ ಜೊಲ್ಲುಗ್ರಂಥಿಯಲ್ಲಿ, ಅದಕ್ಕೇ 1986ರ ನೊಬೆಲ್ ಬಂದದ್ದು. ಕೊಯ್ದ ವಸಡಿನ ಮೇಲೆ ಹೊಸ ಪದರ ದಿನಕ್ಕೆ ಸುಮಾರು ಅರ್ಧ ಮಿಲಿಮೀಟರಿನಂತೆ ಅಂಚಿನಿಂದ ತೆವಳಿ ಬರುತ್ತದೆ. ಐದರಿಂದ ಹದಿನಾಲ್ಕು ದಿನಗಳಲ್ಲಿ ಗಾಯ ಮುಚ್ಚುತ್ತದೆ, ಒಳಗಿನ ನಾರು ಬಲಿಯಲು ಏಳು ವಾರ ಬೇಕು. ಯಾವ ಜೆಲ್ಲೂ ಈ ಗಡಿಯಾರವನ್ನು ಹೆಚ್ಚು ಮುಂದೆ ತಿರುಗಿಸಿಲ್ಲ. ಗಾಯಕ್ಕೆ ಪೋಷಕವಾದ ಆ ಜೊಲ್ಲೇ ಜೆಲ್ಲನ್ನು ಕೆಲವೇ ನಿಮಿಷಗಳಲ್ಲಿ ತೊಳೆದು ನುಂಗಿಸಿಬಿಡುತ್ತದೆ ಎಂಬುದನ್ನೂ ನೆನಪಿಡಬೇಕು. ಅದಕ್ಕೇ ಹಚ್ಚುವ ಮುನ್ನ ಗಾಜ್ ಬಟ್ಟೆಯಿಂದ ಜಾಗವನ್ನು ಮೆಲ್ಲಗೆ ಒತ್ತಿ ಒಣಗಿಸಬೇಕು, ಕಡಲೆಕಾಳಿನಷ್ಟು ಜೆಲ್ ತೊಳೆದ ಬೆರಳಿನಲ್ಲಿ ಇಡಬೇಕು, ತಿಕ್ಕಬಾರದು, ಅರ್ಧ ಗಂಟೆ ನೀರೂ ಕುಡಿಯಬಾರದು. ನಮ್ಮಲ್ಲಿ ಬಹುಪಾಲು ಜನ ಹಚ್ಚುತ್ತಿರುವುದು ಊಟಕ್ಕೆ ಐದು ನಿಮಿಷ ಮುಂಚೆ, ಒದ್ದೆ ಬಾಯಿಗೆ.

ಹೀಗೆ ತೂಗಿ ನೋಡಿದರೆ ಲಾಭದ ತಟ್ಟೆ ಬರಿದಾಗಿಲ್ಲ. ಗಬ್ಬು ನಾರುವ ಪ್ಯಾಕಿನಿಂದ ಬಿಡುಗಡೆ ಸಿಕ್ಕಿತು. ಹಲ್ಲು ಕಿತ್ತ ಕುಳಿಯ ನರಕ ಎಷ್ಟೋ ಜನರಿಗೆ ತಪ್ಪಿತು. ಶಸ್ತ್ರಚಿಕಿತ್ಸೆ ಎಂದರೆ ಓಡಿಹೋಗುತ್ತಿದ್ದವರು ಕುರ್ಚಿಯಲ್ಲಿ ಕೂರುವಂತಾಯಿತು. ನಷ್ಟದ ತಟ್ಟೆಯಲ್ಲಿರುವುದು ಆ ಹಳೆಯ ಡಾಕ್ಟರ ಗದರಿಕೆ ಮತ್ತು ಏಳನೆಯ ದಿನದ ಭೇಟಿ. ಹೊಲಿಗೆ ಈಗ ತಾನಾಗಿ ಕರಗುತ್ತದೆ, ರೋಗಿ ಮತ್ತೆ ಬರುವುದಿಲ್ಲ, ಮಾತಿನ ಜಾಗದಲ್ಲಿ ಟ್ಯೂಬು ಕೂತಿದೆ. ಸಕ್ಕರೆ ಹತೋಟಿಯಲ್ಲಿಲ್ಲದ, ದಿನವೂ ಬೀಡಿ ಸೇದುವ, 2013ರಲ್ಲೇ ಗುಟ್ಕಾ ನಿಷೇಧವಾದ ರಾಜ್ಯದಲ್ಲಿ ಇನ್ನೂ ಕೆನ್ನೆಯಲ್ಲಿ ತಂಬಾಕು ಒತ್ತಿಟ್ಟುಕೊಳ್ಳುವ ಬಾಯಿಯಲ್ಲಿ ಎಂಥ ದುಬಾರಿ ಜೆಲ್ಲೂ ಸೋಲುತ್ತದೆ. ಅದನ್ನು ಹೇಳಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ನಮ್ಮ ಕ್ಲಿನಿಕ್ಕುಗಳಿಂದ ಕಾಣೆಯಾಗಿದೆ.

ದಂತವೈದ್ಯರಲ್ಲಿ ನಮ್ಮ ಕೋರಿಕೆ ದೊಡ್ಡದಲ್ಲ. ಟ್ಯೂಬು ಬರೆಯುವಾಗ ಅದು ನೋವಿಗೋ, ಸೋಂಕು ತಡೆಗೋ, ಗಾಯ ಮಾಯಲೋ ಎಂದು ಒಂದು ಸಾಲು ಕನ್ನಡದಲ್ಲಿ ಬರೆದುಕೊಡಿ, ಹೊಲಿಗೆ ಬಿಚ್ಚುವುದಿಲ್ಲವಾದರೂ ವಾರದ ಮೇಲೆ ಒಮ್ಮೆ ಕರೆಯಿರಿ. ಔಷಧ ನಿಯಂತ್ರಣ ಇಲಾಖೆ ಮಕ್ಕಳ ವಯಸ್ಸಿನ ಎಚ್ಚರಿಕೆಯನ್ನು ಟ್ಯೂಬಿನ ಮೇಲೆಯೇ ಓದಬರುವಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಿಸಲಿ. ಓದುಗರು ಇಷ್ಟನ್ನು ಮನಸ್ಸಿನಲ್ಲಿಡಿ: ಹಲ್ಲು ಕೀಳಿಸಿಕೊಂಡ ಎರಡು ಮೂರು ದಿನಗಳ ಮೇಲೆ ನೋವು ಇಳಿಯುವ ಬದಲು ಏರಿದರೆ, ಕಿವಿಯ ಕಡೆಗೆ ಹರಿದರೆ, ಬಾಯಿ ವಾಸನೆ ಬಂದರೆ, ಮೆಡಿಕಲ್ ಶಾಪಿಗೆ ಹೋಗಿ ಇನ್ನೊಂದು ಟ್ಯೂಬು ಕೇಳಬೇಡಿ. ಹಲ್ಲು ಕಿತ್ತ ವೈದ್ಯರ ಬಳಿಗೆ ಅದೇ ದಿನ ಹೋಗಿ.